ಒನಕೆ ಹಿಡಿಯುವವರಿದ್ದಾರೆ, ನೀರು ಕೊಡುವವರು?

ಪ್ರಶ್ನೆ: ದುರ್ಗದ ಇತಿಹಾಸವನ್ನು ವೇಷ ಹಾಕಿ ಮಾಡಿ ತೋರಿಸುವ ತಂಡ ಸೇರಿದ್ದೇನೆ. ನನಗೆ ಬರೀ ಕುರ್ಚಿ ಜೋಡಿಸುವ ಕೆಲಸ. ಇದೂ ಸೇವೆನಾ?
– ಓದುಗ, ಚಿತ್ರದುರ್ಗ

ಉತ್ತರ: ಹೌದು ಕಣ್ರೀ, ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಬಂಡೆ ಕಾದಿರುವ ಮಧ್ಯಾಹ್ನ ಹೈದರಾಲಿಯ ಸೈನಿಕರ ವೇಷ ತೊಟ್ಟ ಹುಡುಗರಿಗೆ ನೀರು ಕೊಡುವವರು, ಓಬವ್ವನ ಕಿಂಡಿ ಹತ್ತಿರ ಜನ ನುಗ್ಗದಂತೆ ತಡೆಯುವವರು, ಒನಕೆ ಹಗುರವಾದದ್ದೇ ತಂದಿದ್ದಾರಾ ಎಂದು ನೋಡುವವರು ಇಲ್ಲದಿದ್ದರೆ ಪ್ರದರ್ಶನ ನಡೆಯುವುದೇ ಇಲ್ಲ. ಕೋಟೆ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿದೆ, ಅಲ್ಲಿ ಮಾಡಲು ಮೊದಲೇ ಅನುಮತಿ ಬೇಕು. ಆ ಓಡಾಟಕ್ಕೆ ಯಾರೂ ಮುಂದೆ ಬರುವುದಿಲ್ಲ, ಅಲ್ವಾ?

ಆದರೆ ಪ್ರತಿಸಲ ಕುರ್ಚಿ ನಿಮ್ಮ ತಲೆಗೇ ಕಟ್ಟಿದರೆ ಬಾಯಿಬಿಟ್ಟು ಹೇಳಿ. ಪಾಳಿ ಹಾಕಿಸಿ. 1779ರಲ್ಲಿ ಕೋಟೆ ಬಿದ್ದ ಭಾಗಕ್ಕೆ ಸೈನಿಕರು ಜಾಸ್ತಿ ಬೇಕು, ಅಲ್ಲಿ ನಿಮಗೂ ಒಂದು ಕತ್ತಿ ಕೇಳಿ.