ಅಜ್ಜನ ಕೋವಿ, ಅಜ್ಜಿಯ ಬಿಸಿನೀರು

ಹೋದ ಸಲ ತುಕ್ಕು ತೆಗೆಯುವ ಬಗ್ಗೆ ಬರೆಯುವಾಗ ನಮ್ಮಜ್ಜನ ಜೋಡುನಳಿಗೆ ಕೋವಿಯ ಮಾತು ಒಂದೇ ಒಂದು ಸಾಲು ಬಂದಿತ್ತು. ತುಕ್ಕಿನ ಬಗ್ಗೆ ಮೂರು ಪತ್ರ ಬಂದಿವೆ, ಆ ಒಂದು ಸಾಲಿಗೆ ಕಟ್ಟುಗಟ್ಟಲೆ. ಮೂವತ್ತು ವರ್ಷ ಕೋವಿ ರಿಪೇರಿ ಮಾಡಿ ಬದುಕಿದವನಿಗೆ ಇದರಿಂದ ಬೇಸರವೇನಿಲ್ಲ. ಈ ಸಲದ ಅಂಕಣ ಪೂರ್ತಿ ಕೋವಿಗೇ: ನಿಮ್ಮ ಪತ್ರಗಳ ಒಂದೊಂದು ಪ್ರಶ್ನೆ, ಅದರ ಕೆಳಗೆ ನನ್ನ ಉತ್ತರ.

ಒಂಬತ್ತು ವರ್ಷದವನಿದ್ದಾಗ ಅಪ್ಪನ ಹನ್ನೆರಡು ಬೋರಿನ ಕೋವಿಯಲ್ಲಿ ಒಂದು ಈಡು ಹೊಡೆದು ಅಂಗಾತ ಬಿದ್ದಿದ್ದೆ. ವಾರವಿಡೀ ಭುಜ ನೀಲಿಗಟ್ಟಿತ್ತು. ಈಗ ಅದೇ ಕೋವಿ ತಮ್ಮನ ಹತ್ತಿರ ಇದೆ. ‘ಅದು ಅಷ್ಟೇನೂ ಒದೆಯಲ್ಲ, ನೀನು ಬಣ್ಣ ಹಚ್ಚಿ ಹೇಳ್ತೀಯ’ ಅನ್ನುತ್ತಾನೆ. ನನ್ನ ನೆನಪು ಸುಳ್ಳೇ?

ಸುಳ್ಳಲ್ಲ. ನಿಮ್ಮ ತಮ್ಮನೂ ಸುಳ್ಳು ಹೇಳುತ್ತಿಲ್ಲ. ಕೋವಿ ಅದೇ, ಭುಜ ಬೇರೆ.

ತೋಟೆ ಅಂದರೆ ಮದ್ದು, ಚರೆ ಎರಡನ್ನೂ ತುಂಬಿದ ಪುಟ್ಟ ಕೊಳವೆ; ಸಾಧಾರಣ ತೋಟೆಯೊಂದರಲ್ಲಿ ಮೂವತ್ತು ಗ್ರಾಮಿನಷ್ಟು ಸೀಸದ ಚರೆ, ಅಂದರೆ ಸಣ್ಣ ಸಣ್ಣ ಗುಂಡು, ಇರುತ್ತದೆ. ಅದು ಸೆಕೆಂಡಿಗೆ ಮುನ್ನೂರೈವತ್ತು ಮೀಟರಿಗೂ ಹೆಚ್ಚಿನ ವೇಗದಲ್ಲಿ ಮುಂದಕ್ಕೆ ಹಾರಿದರೆ, ಮೂರು ಕಿಲೋ ತೂಕದ ಕೋವಿ ನಾಲ್ಕೈದು ಮೀಟರ್ ವೇಗದಲ್ಲಿ ಹಿಂದಕ್ಕೆ ಬರಲೇಬೇಕು. ಕುಂದವನ್ನು, ಅಂದರೆ ಕೋವಿಯ ಹಿಂಬದಿಯ ಮರದ ಭಾಗವನ್ನು, ಭುಜಕ್ಕೆ ಒತ್ತಿ ಹಿಡಿದಿದ್ದರೆ ಅದು ತಳ್ಳುತ್ತದೆ. ಎರಡು ಬೆರಳಿನಷ್ಟು ಸಂದು ಬಿಟ್ಟಿದ್ದರೆ ಅಷ್ಟು ದೂರ ಓಡಿಬಂದು ಗುದ್ದುತ್ತದೆ. ದೊಡ್ಡವರ ಅಳತೆಗೆ ಮಾಡಿದ ಕೋವಿಯಲ್ಲಿ ಕುಂದದ ತುದಿಯಿಂದ ಟ್ರಿಗರಿಗೆ ಸುಮಾರು 14 ಅಂಗುಲ. ಒಂಬತ್ತರ ಹುಡುಗನ ಕೈ ಅಷ್ಟು ದೂರ ಎಟುಕುವುದಿಲ್ಲ. ಆಗ ಏನು ಮಾಡುತ್ತೇವೆ? ಕುಂದವನ್ನು ಭುಜದಿಂದ ಜಾರಿಸಿ ತೋಳಿನ ಸ್ನಾಯುವಿನ ಮೇಲೆ ಇಟ್ಟುಕೊಳ್ಳುತ್ತೇವೆ, ನಳಿಗೆಯ ಭಾರಕ್ಕೆ ಮೈಯನ್ನು ಹಿಂದಕ್ಕೆ ವಾಲಿಸುತ್ತೇವೆ, ಕಣ್ಣು ಮುಚ್ಚುತ್ತೇವೆ. ಹಿಂದಕ್ಕೆ ವಾಲಿ ನಿಂತವನನ್ನು ಬೀಳಿಸಲು ಕೋವಿಯೇ ಬೇಕೆಂದಿಲ್ಲ, ಬೆರಳು ಸಾಕು.

ನನಗಾಗ ಹತ್ತು ವರ್ಷ. ಬತ್ತಿದ ಕೆರೆಯ ಏರಿಗೆ ಅಜ್ಜ ಒಂದು ಗೂಟ ನೆಟ್ಟು ಅದರ ಮೇಲೆ ಎಣ್ಣೆ ಡಬ್ಬ ಇಟ್ಟಿದ್ದ. ನನ್ನ ಬೆನ್ನ ಹಿಂದೆ ಮಂಡಿಯೂರಿ, ತನ್ನ ಎಡಗೈಯನ್ನು ನನ್ನ ಎಡಗೈ ಕೆಳಗೆ ಕೊಟ್ಟು, ಗದ್ದವನ್ನು ನನ್ನ ತಲೆಯ ಮೇಲೆ ಊರಿದ. ಬಲಗಡೆಯ ಕುದುರೆಯನ್ನು (ಈಡು ಹಾರಿಸಲು ಬಡಿಯುವ ಪುಟ್ಟ ಸುತ್ತಿಗೆ) ಎತ್ತಿದವನೂ ಅವನೇ, ನನ್ನ ಹೆಬ್ಬೆರಳಿಗೆ ಆ ಸ್ಪ್ರಿಂಗು ಜಗ್ಗಲಿಲ್ಲ. ‘ಎಳೀಬೇಡ, ಹಿಂಡು’ ಅಂದ. ಹಿಂಡಿದೆ. ಸದ್ದು ನೆನಪಿಲ್ಲ, ಅದೊಂದು ವಿಚಿತ್ರ. ನೆನಪಿರುವುದು ಅಜ್ಜನ ಎದೆಗೆ ನನ್ನ ಬೆನ್ನು ತಾಗಿ ‘ಹುಂ’ ಅಂತ ಅವನ ಉಸಿರು ಹೊರಬಿದ್ದದ್ದು. ಒದೆತ ನನ್ನ ಮೂಲಕ ಹಾದು ಹೋಗಿ ಅವನಿಗೆ ಬಿದ್ದಿತ್ತು. ಆಮೇಲೆ ಅಜ್ಜ ನಡೆದುಹೋಗಿ ಡಬ್ಬ ತಂದು ತೋರಿಸಿದ: ಏಳು ತೂತು.

ನಿಮ್ಮ ಬೆನ್ನ ಹಿಂದೆ ಯಾರಿದ್ದರು ಎಂದು ನೆನಪು ಮಾಡಿಕೊಳ್ಳಿ. ಯಾರೂ ಇರಲಿಲ್ಲವಾದರೆ ನೀಲಿ ಭುಜ ಖಂಡಿತ ನಿಜ.

ಹನ್ನೆರಡು ಬೋರು ಅಂದರೆ ಹನ್ನೆರಡು ಏನು?

ಗುಂಡು. ನಳಿಗೆಯ ಒಳ ಅಳತೆಗೆ ಸರಿಯಾಗಿ ಕೂರುವ ಸೀಸದ ಗುಂಡುಗಳನ್ನು ಎರಕ ಹೊಯ್ದರೆ ಒಂದು ಪೌಂಡಿಗೆ ಹನ್ನೆರಡು ಬರುತ್ತವೆ. ಒಳ ಅಳತೆ ಸುಮಾರು 18.5 ಮಿಲಿಮೀಟರ್. ಇಪ್ಪತ್ತು ಬೋರಿನಲ್ಲಿ ಪೌಂಡಿಗೆ ಇಪ್ಪತ್ತು, ಆದ್ದರಿಂದ ಅದರ ನಳಿಗೆ ಸಣ್ಣದು, 15.6 ಮಿಲಿಮೀಟರ್. ಸಂಖ್ಯೆ ದೊಡ್ಡದಾದಷ್ಟೂ ಕೋವಿ ಸಣ್ಣದು. ಈ ತಿರುಗುಮುರುಗಿನಿಂದ ಆಗುವ ಅನಾಹುತ ಕೆಳಗಿನ ಉತ್ತರವೊಂದರಲ್ಲಿದೆ.

ನಮ್ಮ ಮನೆಯ ಹಳೇ ಕೇಪಿನ ಕೋವಿಯ ಹೊಗೆಯ ವಾಸನೆ ಇನ್ನೂ ಮೂಗಿನಲ್ಲಿದೆ. ಮೊನ್ನೆ ಶೂಟಿಂಗ್ ರೇಂಜಿಗೆ ಹೋಗಿದ್ದೆ, ಆ ವಾಸನೆಯ ಸುಳಿವೇ ಇಲ್ಲ. ಏಕೆ?

ಕೇಪು ಅಂದರೆ ಕುದುರೆ ಬಡಿದಾಗ ಕಿಡಿ ಕೊಟ್ಟು ಮದ್ದು ಹೊತ್ತಿಸುವ ಪುಟ್ಟ ಟೋಪಿ. ನಿಮ್ಮ ಮನೆಯದು ಕರಿಮದ್ದು. ಪೊಟ್ಯಾಸಿಯಂ ನೈಟ್ರೇಟು, ಇದ್ದಲು, ಗಂಧಕ. ಮೂಗಿನಲ್ಲಿ ಉಳಿದಿರುವುದು ಆ ಗಂಧಕ. ಕರಿಮದ್ದು ಸುಟ್ಟಾಗ ಅರ್ಧಕ್ಕಿಂತ ಹೆಚ್ಚು ಭಾಗ ಗಾಳಿಯಾಗುವುದೇ ಇಲ್ಲ, ಬೂದಿ ಉಪ್ಪಾಗಿ ಉಳಿಯುತ್ತದೆ. ಅಷ್ಟು ದಟ್ಟ ಬಿಳಿ ಹೊಗೆ ಬರುವುದು ಅದಕ್ಕೇ. ಹೊಡೆದವನಿಗೆ ಗುರಿ ಕಾಣಬೇಕಾದರೆ ಗಾಳಿ ಬೀಸುವವರೆಗೆ ಕಾಯಬೇಕು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಯ್ ಹೊಗೆಯಿಲ್ಲದ ಮದ್ದು ಕಂಡುಹಿಡಿದ ಮೇಲೆ ಎಲ್ಲ ಬದಲಾಯಿತು. ರೇಂಜಿನಲ್ಲಿ ನೀವು ಹೊಡೆದದ್ದು ಅದರ ಮೊಮ್ಮಕ್ಕಳನ್ನು.

ಆ ಉಳಿದ ಉಪ್ಪೇ ನಳಿಗೆಯ ಶತ್ರು. ಗಾಳಿಯ ತೇವ ಹೀರಿಕೊಂಡು ಒಂದೆರಡು ದಿನದಲ್ಲಿ ಒಳಗೆ ತುಕ್ಕು ಹಬ್ಬಿಸುತ್ತದೆ. ಎಣ್ಣೆಗೆ ಅದು ಕರಗುವುದಿಲ್ಲ, ನೀರಿಗೆ ಕರಗುತ್ತದೆ. ಹಳೆಯ ಕೆಲವು ಕೇಪುಗಳಲ್ಲಿದ್ದ ಕ್ಲೋರೇಟಿನ ಕಥೆಯೂ ಇದೇ, ಸುಟ್ಟ ಮೇಲೆ ಅಡುಗೆ ಉಪ್ಪಿನ ಅಣ್ಣನಂಥ ಉಪ್ಪು ಬಿಟ್ಟುಹೋಗುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ನಮ್ಮಜ್ಜಿಗೆ ಗೊತ್ತಿತ್ತು. ಹೊಡೆಯುವುದು ಅಜ್ಜನ ಕೆಲಸ, ತೊಳೆಯುವುದು ಅಜ್ಜಿಯದು. ಅಜ್ಜ ನಳಿಗೆಗೆ ಎಣ್ಣೆ ಬಟ್ಟೆ ಎಳೆದು ‘ಆಯ್ತು’ ಅನ್ನುವ ಜಾತಿ. ಅಜ್ಜಿ ನಳಿಗೆಯನ್ನು ಕಳಚಿ, ಬಾಯಿ ಕೆಳಗೆ ಮಾಡಿ ಬಕೆಟ್ಟಿನಲ್ಲಿ ನಿಲ್ಲಿಸಿ, ಲಾಳಿಕೆ ಇಟ್ಟು ಕುದಿಯುವ ನೀರು ಹೊಯ್ಯುತ್ತಿದ್ದಳು. ಮೊದಲ ಚೊಂಬಿಗೆ ಶಾಯಿಯಂಥ ನೀರು, ಕೊಳೆತ ಮೊಟ್ಟೆಯ ವಾಸನೆ. ಎರಡನೆಯದಕ್ಕೆ ಬೂದು. ಮೂರನೆಯದಕ್ಕೆ ತಿಳಿ. ಅಷ್ಟರಲ್ಲಿ ನಳಿಗೆ ಕೈ ಇಡಲಾಗದಷ್ಟು ಕಾದಿರುತ್ತಿತ್ತು, ಗೋಣಿಚೀಲದಲ್ಲಿ ಹಿಡಿದೆತ್ತಿದರೆ ತಾನಾಗಿ ಒಣಗುತ್ತಿತ್ತು. ಆಮೇಲೆ ಎಣ್ಣೆ. ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ, ನನಗೂ ತೋರಿಸುತ್ತಿದ್ದಳು. ಒಳಗೆ ಬೆಳಕಿನ ಬಳೆಗಳು ಒಂದರ ಹಿಂದೆ ಒಂದು. ಹೊಡೆಯುವ ಆಸೆಗಿಂತ ಆ ಬಳೆ ನೋಡುವ ಆಸೆ ನನಗೆ ಜಾಸ್ತಿ ಇತ್ತು. ರಿಪೇರಿಗೆ ಬಿದ್ದದ್ದು ಹಾಗೆ.

ತಾತನ ಜೋಡುನಳಿಗೆ ಕೋವಿ ಸಿಕ್ಕಿದೆ. ನಳಿಗೆಯ ಮೇಲೆ ಮರದ ನಾರಿನ ಹಾಗೆ ಸುಂದರ ಅಲೆಅಲೆ ಗುರುತು. ಜೊತೆಗೆ ರಟ್ಟಿನ ತೋಟೆಯ ಅರ್ಧ ಪೆಟ್ಟಿಗೆ. ರಜೆಗೆ ಬರುವ ಮೊಮ್ಮಕ್ಕಳಿಂದ ಒಂದೊಂದು ಈಡು ಹೊಡೆಸಬೇಕೆಂದಿದ್ದೇನೆ. ಮೊದಲು ಏನು ಮಾಡಲಿ?

ಮೊದಲು ಆ ಯೋಚನೆ ಬಿಡಿ. ಕಾಗದ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆ ಇನ್ನೊಂದು. ಪರವಾನಗಿ ಗಡಿಯಾರದ ಹಾಗೆ ತಾತನಿಂದ ತಾನಾಗಿ ಕೈಗೆ ಬರುವ ವಸ್ತುವಲ್ಲ, ಅದನ್ನು ಠಾಣೆಯಲ್ಲಿ ಕೇಳಿ ಸರಿಮಾಡಿಕೊಳ್ಳಿ. ನಾನು ಹೇಳುವುದು ಕಬ್ಬಿಣದ ಮಾತು.

ಆ ಅಲೆಗಳಿಗೆ ಡಮಾಸ್ಕಸ್ ಅನ್ನುತ್ತಾರೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹುರಿ ಹೊಸೆದ ಹಾಗೆ ಹೊಸೆದು, ಸರಳಿನ ಸುತ್ತ ಬಳ್ಳಿಯಂತೆ ಸುತ್ತಿ, ಚೆನ್ನಾಗಿ ಕಾಸಿ ಬಡಿದು ಬೆಸೆದ ನಳಿಗೆ ಅದು. ನೀವು ನೋಡುತ್ತಿರುವ ಒಂದೊಂದು ಗೆರೆಯೂ ಒಂದು ಬೆಸುಗೆ. ನೂರು ವರ್ಷದಲ್ಲಿ ಯಾವ ಬೆಸುಗೆಯೊಳಗೆ ತುಕ್ಕು ಇಳಿದಿದೆಯೋ ಹೊರಗಿನಿಂದ ಕಾಣದು. ಅಂಥ ನಳಿಗೆಗಳಲ್ಲಿ ಹೆಚ್ಚಿನವು ಕರಿಮದ್ದಿನ ಕಾಲಕ್ಕೆ ಮಾಡಿದವು.

ಇನ್ನೊಂದು ಸೂಕ್ಷ್ಮ ಇದೆ, ಬುದ್ಧಿವಂತರೂ ಮೋಸಹೋಗುತ್ತಾರೆ. ಹಳೆಯ ಹನ್ನೆರಡು ಬೋರಿನ ಎಷ್ಟೋ ಕೋವಿಗಳಲ್ಲಿ ತೋಟೆ ಕೂರುವ ಮನೆ ಎರಡೂವರೆ ಅಂಗುಲ, ಅಂದರೆ 65 ಮಿಲಿಮೀಟರಿನಷ್ಟು. ಇಂದಿನ ಸಾಮಾನ್ಯ ತೋಟೆ 70 ಮಿಲಿಮೀಟರ್. ‘ಉದ್ದ ಜಾಸ್ತಿ ಇದ್ದರೆ ಒಳಗೇ ಹೋಗಲ್ಲವಲ್ಲ’ ಅನ್ನುತ್ತೀರಿ. ಹೋಗುತ್ತದೆ! ತೋಟೆಯ ಮೇಲೆ ಬರೆದ ಉದ್ದ ಹೊಡೆದ ನಂತರದ್ದು, ಮಡಚಿದ ಬಾಯಿ ಬಿಚ್ಚಿಕೊಂಡ ಮೇಲಿನದು. ಹೊಡೆಯುವ ಮೊದಲು ಅದು ಗಿಡ್ಡ, ಸಲೀಸಾಗಿ ಕೂರುತ್ತದೆ, ಕೋವಿ ಮುಚ್ಚುತ್ತದೆ. ಹೊಡೆದಾಗ ಬಿಚ್ಚಿಕೊಳ್ಳಲು ಜಾಗವಿಲ್ಲದೆ ನಳಿಗೆಯ ಇಕ್ಕಟ್ಟಿಗೆ ನುಗ್ಗಿ ಒತ್ತಡ ಏರಿಸುತ್ತದೆ. ರಟ್ಟಿನ ತೋಟೆಯಂತೂ ಬೇಡವೇ ಬೇಡ. ತೇವಕ್ಕೆ ಉಬ್ಬಿ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಟಿಕ್ ಅಂದು ಸುಮ್ಮನಾಗಿ, ನೀವು ‘ಠುಸ್ ಆಯ್ತು’ ಅಂತ ಕೋವಿ ಮುರಿಯುವ, ಅಂದರೆ ನಳಿಗೆ ಬಗ್ಗಿಸಿ ತೆರೆಯುವ, ಹೊತ್ತಿಗೆ ಢಂ ಅನ್ನುತ್ತದೆ. ಟಿಕ್ ಅಂದರೆ ನಳಿಗೆಯ ದಿಕ್ಕು ಬದಲಿಸದೆ ಕನಿಷ್ಠ ಅರ್ಧ ನಿಮಿಷ ಕಾಯಬೇಕು. ಅಜ್ಜ ನೂರರವರೆಗೆ ಎಣಿಸುತ್ತಿದ್ದ, ಗಟ್ಟಿಯಾಗಿ.

ಈಗ ಇಪ್ಪತ್ತು ಬೋರಿನ ಕಥೆ. ಹನ್ನೆರಡು ವರ್ಷದವನಿದ್ದಾಗ ಕಣ್ಣಾರೆ ಕಂಡದ್ದು. ಚಿಕ್ಕಪ್ಪನ ಜೇಬಿನಲ್ಲಿ ಎರಡೂ ಬೋರಿನ ತೋಟೆ ಬೆರೆತಿದ್ದವು. ಮಾತಾಡುತ್ತಾ ಒಂದನ್ನು ಅಜ್ಜನ ಕೋವಿಗೆ ಹಾಕಿದ, ಮುಚ್ಚಿದ, ಹಿಂಡಿದ. ಟಿಕ್. ಎಣಿಕೆ ಮುಗಿಸಿ ಕೋವಿ ಮುರಿದು ನೋಡಿದರೆ ತೋಟೆಯ ಮನೆ ಖಾಲಿ. ‘ಅಯ್ಯೋ, ತೋಟೆ ಹಾಕೋದೇ ಮರೆತಿದ್ದೆ’ ಅಂತ ನಕ್ಕು ಇನ್ನೊಂದು ತೆಗೆದ. ಅಜ್ಜ ಮಾತಾಡಲಿಲ್ಲ, ಕೈಯಿಂದ ಕೋವಿ ಕಿತ್ತುಕೊಂಡು ಹಿಂದಿನಿಂದ ಆಕಾಶಕ್ಕೆ ಹಿಡಿದು ನೋಡಿದ. ಎಡನಳಿಗೆಯಲ್ಲಿ ಬೆಳಕು. ಬಲನಳಿಗೆ ಕತ್ತಲು. ಸಣ್ಣ ತೋಟೆ ಮುಂದಕ್ಕೆ ಜಾರಿ ಮನೆಯಾಚೆ ಕಚ್ಚಿಕೊಂಡಿತ್ತು. ಅದರ ಹಿಂದೆ ಹನ್ನೆರಡರ ತೋಟೆ ಹಾಕಿ ಹೊಡೆದಿದ್ದರೆ ನಳಿಗೆ ಒಡೆಯುತ್ತಿದ್ದದ್ದು ಸರಿಯಾಗಿ ಎಡಗೈ ಹಿಡಿದಿರುವ ಜಾಗದಲ್ಲಿ. ಈಗ ಇಪ್ಪತ್ತು ಬೋರಿನ ತೋಟೆಗೆ ಹಳದಿ ಬಣ್ಣ ಕೊಡುವುದು ಇದಕ್ಕಾಗಿಯೇ. ನಿಮ್ಮ ತಾತನ ಪೆಟ್ಟಿಗೆಯ ಕಾಲಕ್ಕೆ ಆ ಏರ್ಪಾಡು ಇರಲಿಲ್ಲ.

ಅವತ್ತು ಅಜ್ಜ ಚಿಕ್ಕಪ್ಪನಿಗೆ ಬೈಯಲಿಲ್ಲ. ತೋಟೆ ಹೊರಗೆ ತೆಗೆಸಿ, ಎಲ್ಲರನ್ನೂ ಕರೆದುಕೊಂಡು ಮನೆಗೆ ಬಂದ. ದಾರಿಯುದ್ದಕ್ಕೂ ಚಿಕ್ಕಪ್ಪ ತನ್ನ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡೇ ನಡೆದ.

ನಿಮ್ಮ ಕೋವಿಯನ್ನು ತಿಳಿದವರಿಗೆ ತೋರಿಸಿ ಗೋಡೆ ದಪ್ಪ, ತೋಟೆಯ ಮನೆ ಅಳೆಸಿ. ಅಲೆಗಳನ್ನು ಮೊಮ್ಮಕ್ಕಳಿಗೆ ತೋರಿಸಿ, ನಳಿಗೆಯ ಬೆಳಕಿನ ಬಳೆ ತೋರಿಸಿ. ಈಡು ಹೊಡೆಯುವ ಆಸೆ ಅವರಿಗಿದ್ದರೆ ರೇಂಜಿನಲ್ಲಿ .22, ಅಂದರೆ ಅಂಗುಲದ ನೂರರಲ್ಲಿ ಇಪ್ಪತ್ತೆರಡು ಭಾಗದ ಸಣ್ಣ ಗುಂಡಿನ ರೈಫಲು, ಇದೆ. 1887ರಿಂದ ಮಕ್ಕಳು ಕಲಿಯುತ್ತಾ ಬಂದ ತೋಟೆ, ಒದೆತ ಇಲ್ಲವೇ ಇಲ್ಲ ಅನ್ನಬಹುದು. ಹಾಗಂತ ಆಟಿಕೆಯಲ್ಲ, ಎರಡೂವರೆ ಗ್ರಾಮಿನ ಆ ಗುಂಡು ಒಂದೂವರೆ ಕಿಲೋಮೀಟರ್ ದಾಟಬಲ್ಲದು.

ನಮ್ಮ ಹಜಾರದ ಗೋಡೆಗೆ ತಗುಲಿಹಾಕಿದ ಮುತ್ತಜ್ಜನ ಕೇಪಿನ ಕೋವಿಯಲ್ಲಿ ಚಿಕ್ಕಂದಿನಲ್ಲಿ ನಾವೆಲ್ಲ ‘ಠೋ ಠೋ’ ಆಡಿದ್ದೇವೆ. ಈಗ ನನ್ನ ಮಕ್ಕಳು ಆಡುತ್ತಾರೆ. ಐವತ್ತು ವರ್ಷದಿಂದ ಹೊಡೆಯದ ಕೋವಿ, ಅಪಾಯವಿಲ್ಲ ತಾನೇ?

ಇವತ್ತೇ ಮಕ್ಕಳ ಕೈಯಿಂದ ತೆಗೆದಿಡಿ. ನನ್ನ ಕೈಗೆ ಬಂದ ಗೋಡೆ ಕೋವಿಗಳಲ್ಲಿ ಬಾರು, ಅಂದರೆ ಹೊಡೆಯಲು ತುಂಬಿದ ಮದ್ದು-ಚರೆ, ತುಂಬಿಯೇ ಇದ್ದವು ಒಂದೆರಡಲ್ಲ. ಬಾಯಿಂದ ಮದ್ದು ಗಿಡಿದು ತುಂಬುವ ಕೋವಿಗೆ ಬಾರು ಇದೆಯೋ ಇಲ್ಲವೋ ಹಿಂದಿನಿಂದ ನೋಡಿ ತಿಳಿಯದು. ಹೊರಟವರು ತುಂಬಿಕೊಂಡು ಹೋಗಿರುತ್ತಾರೆ, ಏನೂ ಸಿಕ್ಕಿರುವುದಿಲ್ಲ, ಕೇಪು ಕಿತ್ತು ಗೋಡೆಗೆ ತಗುಲಿಸಿರುತ್ತಾರೆ. ಆಮೇಲೆ ತೀರಿಕೊಂಡಿರುತ್ತಾರೆ. ಒಣಗಿದ ಕರಿಮದ್ದಿಗೆ ಮುಪ್ಪಿಲ್ಲ. ರಿಪೇರಿಯವರು ಮೊದಲು ಮಾಡುವ ಕೆಲಸ ಗಜದಿಂದ, ಅಂದರೆ ಮದ್ದು ಗಿಡಿಯುವ ಕೋಲಿನಿಂದ, ಅಳೆಯುವುದು. ನಳಿಗೆಯೊಳಗೆ ಗಜ ಎಷ್ಟು ಇಳಿಯಿತು, ಹೊರಗಿನಿಂದ ಇಟ್ಟರೆ ಕೇಪು ಕೂರಿಸುವ ಮೊಲೆಯವರೆಗೆ ಎಷ್ಟು. ನಾಲ್ಕು ಬೆರಳು ವ್ಯತ್ಯಾಸ ಬಂದರೆ ಆ ನಾಲ್ಕು ಬೆರಳು ಬಾರು. ನೀವಾಗಿ ತೆಗೆಯಲು ಹೋಗಬೇಡಿ, ಮುಖ ಆ ಬಾಯಿಯ ಎದುರು ಬರುತ್ತದೆ.

ಎಡಕಿವಿಯಲ್ಲಿ ಮಾತ್ರ ಸದಾ ಜೀರುಂಡೆ. ಬಾಲ್ಯದಲ್ಲಿ ತುಂಬಾ ಕೋವಿ ಹೊಡೆದಿದ್ದೆ. ಸಂಬಂಧ ಇದೆಯೇ?

ಬಲಭುಜದಿಂದ ಹೊಡೆಯುವವರಿಗೆ ಎಡಕಿವಿ ನಳಿಗೆಯ ಬಾಯಿಗೆ ಹತ್ತಿರ, ಬಲಕಿವಿ ತಲೆಯ ಮರೆಯಲ್ಲಿ. ಚರೆ ಕೋವಿಯ ಒಂದು ಈಡು 150 ಡೆಸಿಬೆಲ್ ಮೀರುತ್ತದೆ, 140 ದಾಟಿದರೇ ಕಿವಿಗೆ ಕೇಡು. ವೈದ್ಯರ ಹತ್ತಿರ ಹೋದಾಗ ಕೋವಿಯ ಮಾತು ಮರೆಯದೆ ಹೇಳಿ. ಜೀರುಂಡೆಗೆ ಸಂಗಾತಿ ಬೇಕಿದ್ದರೆ ನನ್ನ ಎಡಕಿವಿಯಲ್ಲೂ ಒಂದಿದೆ. ನಮ್ಮ ಕಾಲದಲ್ಲಿ ಕಿವಿಗೆ ಹತ್ತಿ ಇಟ್ಟವನನ್ನು ಹೆದರುಪುಕ್ಕಲ ಅನ್ನುತ್ತಿದ್ದರು, ಅನ್ನುತ್ತಿದ್ದವರಲ್ಲಿ ನಾನೂ ಒಬ್ಬ.

ಎಲ್ಲರಿಗೂ ಉತ್ತರ ಹೇಳುತ್ತೀರಿ. ನಿಮ್ಮ ಮೊದಲ ಗುರಿ ತಾಗಿತ್ತೇ?

ಏಳು ತೂತು ಅಂದೆನಲ್ಲ. ಆ ಡಬ್ಬವನ್ನು ಇಪ್ಪತ್ತು ವರ್ಷ ಜೋಪಾನ ಮಾಡಿದ್ದೆ, ಅಂಗಡಿಯ ಕಪಾಟಿನ ಮೇಲೆ, ಬಂದವರಿಗೆ ಕಾಣುವ ಹಾಗೆ. ಒಂದು ದಿನ ಧೂಳು ಒರೆಸುವಾಗ ತಿರುಗಿಸಿ ನೋಡಿದೆ. ತೆಳು ತಗಡಿನ ಖಾಲಿ ಡಬ್ಬ, ಹದಿನೈದು ಹೆಜ್ಜೆ ದೂರದಿಂದ ಹೊಡೆದ ಚರೆ ಒಂದು ಮಗ್ಗುಲಲ್ಲಿ ಹೊಕ್ಕು ಇನ್ನೊಂದು ಮಗ್ಗುಲಲ್ಲಿ ಹೊರಡಬೇಕು. ಹಿಂದಿನ ಮಗ್ಗುಲು ನುಣ್ಣಗಿತ್ತು. ಒಂದು ತೂತೂ ಇಲ್ಲ. ಮುಂದಿನ ಏಳನ್ನೂ ದೀಪದ ಕೆಳಗೆ ಹಿಡಿದೆ: ಎಲ್ಲ ಒಂದೇ ಗಾತ್ರ, ಚೌಕನೆಯ ಅಂಚು.

ಅಜ್ಜ ಆಗಲೇ ತೀರಿಕೊಂಡಿದ್ದ. ಅಜ್ಜಿಯನ್ನು ಕೇಳಿದೆ. ‘ಹಿಂದಿನ ರಾತ್ರೀನೇ ಮೊಳೆ ಬಡಿದು ಇಟ್ಟಿದ್ದರು’ ಅಂದಳು. ‘ಏಳು ಜಾಸ್ತಿಯಾಯ್ತು, ನಾಲ್ಕು ಸಾಕು ಅಂತ ನಾನು ಹೇಳಿದ್ದೆ.’