ಕೂಲಿ ಏರಿಸಿದರೂ ಆಳು ಏಕೆ ಸಿಗುವುದಿಲ್ಲ?

ಮಾನ್ಯರೇ,

ಸಕಲೇಶಪುರ ಸೀಮೆಯಲ್ಲಿ ಎಂಟು ಎಕರೆ ಕಾಫಿ ತೋಟವಿರುವ ತಾವು, ಮೂರು ವರ್ಷಗಳಲ್ಲಿ ಎರಡು ಬಾರಿ ಕೂಲಿ ಏರಿಸಿದರೂ ಕುಯ್ಲಿಗೆ ಆಳು ಸಿಗದೆ ರೊಬಸ್ಟಾ ಹಣ್ಣು ಗಿಡದಲ್ಲೇ ಒಣಗಿತೆಂದೂ, ಆಳುಗಳ ವಾಸಕ್ಕೆಂದು ಸಾಲಾಗಿ ಕಟ್ಟಿದ ಎರಡು ಲೈನ್ ಮನೆಗಳು ಬೀಗ ಹಾಕಿಕೊಂಡಿವೆಯೆಂದೂ ಬರೆದು, ಪುಕ್ಕಟೆ ಅಕ್ಕಿಯಿಂದ ಜನ ಸೋಮಾರಿಗಳಾದರಲ್ಲವೇ ಎಂದು ಕೇಳಿದ್ದೀರಿ. ತಮ್ಮ ನಷ್ಟ ದೊಡ್ಡದು. ಕಾರಣದ ಬಗ್ಗೆ ಮಾತ್ರ ನನಗೆ ತಮ್ಮೊಂದಿಗೆ ಸಹಮತವಿಲ್ಲ.

ಕೂಲಿ ಹೆಚ್ಚಿದರೆ ದುಡಿಯಲು ಬರುವವರು ಹೆಚ್ಚುತ್ತಾರೆಂಬ ಅರ್ಥಶಾಸ್ತ್ರದ ಪಾಠ ಸುಳ್ಳಲ್ಲ. ಆದರೆ ದುಡಿಯುವವರು ತಮ್ಮ ಕೂಲಿಯನ್ನು ಬೇರೆಡೆಯ ಸಂಪಾದನೆಯೊಂದಿಗೆ ತೂಗಿ ನೋಡುತ್ತಾರೆ. ಹಾಸನದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ವರ್ಷವಿಡೀ ಸಂಬಳವುಂಟು, ಭವಿಷ್ಯನಿಧಿಯುಂಟು. ತೋಟದ ಕುಯ್ಲು ಕೆಲವು ವಾರಗಳದ್ದು, ಆ ವಾರಗಳಲ್ಲೇ ಸುತ್ತಲಿನ ತೋಟಗಳಿಗೆಲ್ಲ ಅದೇ ಕೈಗಳು ಬೇಕು. ಕೂಲಿ ಒಂದು ಮಟ್ಟ ದಾಟಿದಾಗ ವಾರಕ್ಕೊಂದು ದಿನ ಹೆಚ್ಚು ಬಿಡುವು ಪಡೆಯುವವರೂ ಇರುತ್ತಾರೆ; ಬೆನ್ನು ಬಗ್ಗಿಸಿ ದುಡಿದವರ ಆ ಬಿಡುವನ್ನು ಸೋಮಾರಿತನವೆನ್ನಲು ನನ್ನ ಮನಸ್ಸು ಒಪ್ಪದು.

2013ರಲ್ಲಿ ಆರಂಭವಾದ ಅನ್ನಭಾಗ್ಯದ ಅಕ್ಕಿಯಿಂದ ಮಕ್ಕಳ ಫೀಸು ಕಟ್ಟಲಾಗದು, ಔಷಧಿ ಕೊಳ್ಳಲಾಗದು. ಹೊಟ್ಟೆಗಾಗಿ ಹೇಳಿದಷ್ಟು ಕೂಲಿಗೆ ಒಪ್ಪಲೇಬೇಕೆಂಬ ಅನಿವಾರ್ಯತೆಯನ್ನು ಅದು ತಗ್ಗಿಸಿರಬಹುದು, ಮತ್ತು ಅದು ಒಳ್ಳೆಯದೇ ಆಯಿತೆಂದು ನಾನು ನಂಬಿದ್ದೇನೆ.

ಇದಕ್ಕಿಂತ ಆಳವಾದ ಕಾರಣ ಮನೆಗಳಲ್ಲಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು, ಜನಸಂಖ್ಯೆ ಕುಗ್ಗದಿರಲು ಬೇಕಾದದ್ದು ಸುಮಾರು 2.1. ಹುಟ್ಟುವವರೇ ಕಡಿಮೆ, ಹುಟ್ಟಿದವರು ಕಾಲೇಜಿನಲ್ಲಿದ್ದಾರೆ. ಹಣ್ಣು ಕುಯ್ಯುವ ಕೈಗಳಲ್ಲಿ ಹೆಣ್ಣುಮಕ್ಕಳದೇ ಹೆಚ್ಚು. ಮನೆಗೆಲಸ ಮುಗಿಸಿ, ಕೂಸನ್ನು ಯಾರ ಬಳಿ ಬಿಡುವುದೆಂದು ಯೋಚಿಸುವ ತಾಯಿಗೆ ತಾವು ಇಪ್ಪತ್ತು ರೂಪಾಯಿ ಹೆಚ್ಚಿಸಿದರೂ ಆ ಪ್ರಶ್ನೆ ಹಾಗೆಯೇ ಉಳಿಯುತ್ತದೆ. 1951ರ ತೋಟ ಕಾರ್ಮಿಕರ ಕಾಯ್ದೆ ದೊಡ್ಡ ತೋಟಗಳಲ್ಲಿ ಶಿಶುಪಾಲನೆಗೆ ಅವಕಾಶ ಮಾಡಿತು. ತಮ್ಮಂಥ ಸಣ್ಣ ಹಿಡುವಳಿಗಳು ಅದರಿಂದ ಹೊರಗುಳಿದವು. ತಮ್ಮ ಪಂಚಾಯಿತಿಯಲ್ಲಿ ದುಡಿಯುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ಸರ್ಕಾರಿ ಶಿಶುಪಾಲನಾ ಕೇಂದ್ರ 'ಕೂಸಿನ ಮನೆ' ನಡೆಯುತ್ತಿದೆಯೇ, ಕುಯ್ಲಿನ ಹೊತ್ತಿಗೆ ಅದರ ಬಾಗಿಲು ತೆರೆದಿರುತ್ತದೆಯೇ ಎಂದು ದಯವಿಟ್ಟು ವಿಚಾರಿಸಿ.

ಅಸ್ಸಾಮಿನಿಂದ ಕುಟುಂಬಸಮೇತ ಬರುವವರು ಈಗ ನಮ್ಮ ಜಿಲ್ಲೆಯ ತೋಟಗಳಲ್ಲೂ ದುಡಿಯುತ್ತಿದ್ದಾರೆ. ಅಷ್ಟು ದೂರದಿಂದ ಬಂದವರು ಕೂಲಿಗಿಂತ ಮೊದಲು ಕೇಳುವುದು ಇರಲು ಜಾಗವನ್ನು. ಬೀಗ ಹಾಕಿದ ಆ ಎರಡು ಲೈನ್ ಮನೆಗಳಿಗೆ ಮಳೆಗಾಲಕ್ಕೆ ಮುಂಚೆ ಹೆಂಚು ಹೊದಿಸಿ, ನಲ್ಲಿ ಮತ್ತು ಶೌಚಾಲಯ ಮಾಡಿಸುವುದಾದರೆ, ಮುಂದಿನ ಜನವರಿಯ ಕುಯ್ಲಿಗೆ ಎಷ್ಟು ಮಂದಿ ಬಂದರೆಂದು ನಮಗೆ ಬರೆದು ತಿಳಿಸಿ.

— ಸಂಪಾದಕ