ಕಲ್ಲು–ಮಣ್ಣು ಪ್ರಶ್ನೋತ್ತರ: ಹೊಳೆಯ ಮರಳಿನಲ್ಲಿ ಚಿನ್ನ ಸಿಕ್ಕೀತೇ?

ಬಾಗಲಕೋಟೆಯ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದಾಗ ಮಕ್ಕಳು ಕೇಳುತ್ತಿದ್ದ ಮೊದಲ ಪ್ರಶ್ನೆ ಚಿನ್ನದ್ದೇ ಆಗಿರುತ್ತಿತ್ತು. ಈಗ ಓದುಗರ ಪತ್ರಗಳಲ್ಲೂ ಅದೇ. ಬೆಲೆ ಏರಿದಷ್ಟೂ ಪತ್ರಗಳು ಹೆಚ್ಚುತ್ತಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಚಿನ್ನಕ್ಕೆ.

ರಾಮದುರ್ಗದಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ವಿದೇಶಗಳಲ್ಲಿ ಜನ ರಜೆಯ ದಿನ ಹೊಳೆಗೆ ಇಳಿದು ಬೋಗುಣಿಯಲ್ಲಿ ಮರಳು ತೊಳೆದು ಚಿನ್ನ ಹೆಕ್ಕುವುದನ್ನು ಮೊಬೈಲಿನಲ್ಲಿ ನೋಡಿದೆ. ನಮ್ಮ ಮಲಪ್ರಭೆಯಲ್ಲೂ ಸಿಗಬಹುದೇ? ಗೆಳೆಯರೊಂದಿಗೆ ಹೋಗಿ ನೋಡಬಹುದೇ? — ವಿದ್ಯಾರ್ಥಿ, ರಾಮದುರ್ಗ

ಹೊಳೆ ಚಿನ್ನವನ್ನು ಹೊತ್ತು ತರುತ್ತದೆಯೇ ಹೊರತು ಹುಟ್ಟಿಸುವುದಿಲ್ಲ. ಆದ್ದರಿಂದ ಅದರ ನೀರು ಯಾವ ಬಂಡೆಯ ಮೇಲೆ ಹರಿದು ಬಂದಿದೆ ಎಂಬುದನ್ನು ಮೊದಲು ನೋಡಬೇಕು. ನಮ್ಮ ರಾಜ್ಯದಲ್ಲಿ ಚಿನ್ನವಿರುವುದು ಧಾರವಾಡ ಶಿಲೆಗಳು ಎಂದು ಕರೆಯುವ ಬಹಳ ಹಳೆಯ ಬಂಡೆಗಳ ಪಟ್ಟಿಗಳಲ್ಲಿ, ಅವುಗಳನ್ನು ಸೀಳಿಕೊಂಡು ಹೋದ ಬೆಣಚುಕಲ್ಲಿನ ಎಳೆಗಳಲ್ಲಿ. ಹಟ್ಟಿ, ಕೋಲಾರ, ಗದಗ ಎಲ್ಲ ಕಡೆಯೂ ಹೀಗೆಯೇ. ನಿಮ್ಮ ರಾಮದುರ್ಗದ ಸುತ್ತ ಇರುವುದು ಬಹುಪಾಲು ಕಲಾದಗಿ ಶಿಲೆಗಳು: ಮರಳುಗಲ್ಲು, ಸುಣ್ಣದ ಕಲ್ಲು. ಅವು ಚಿನ್ನದ ತವರಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಧಾರವಾಡ ಶಿಲೆಗಳಿವೆ, ನಿಜ. ಆದರೆ ಅಲ್ಲಿಂದ ಕೊಚ್ಚಿ ಬರುವ ಭಾರದ ಮರಳು ನವಿಲುತೀರ್ಥದ ಅಣೆಕಟ್ಟನ್ನು ದಾಟಿ ನಿಮ್ಮೂರಿಗೆ ಬರುವುದಿಲ್ಲ.

ನಮ್ಮ ಸೀಮೆಗೆ ಹತ್ತಿರದಲ್ಲಿ ಹೊಳೆಚಿನ್ನಕ್ಕೆ ಹೆಸರಾದದ್ದು ಗದಗ ಜಿಲ್ಲೆಯ ಕಪ್ಪತಗುಡ್ಡ. ಜಾಲಗಾರರು ಎಂಬ ಜನ ಅಲ್ಲಿಯ ಹಳ್ಳಗಳ ಮಣ್ಣನ್ನು ಮರಿಗೆಯಲ್ಲಿ ತೊಳೆದು ಚಿನ್ನದ ಪುಡಿ ತೆಗೆಯುತ್ತಿದ್ದರು. ದೊಡ್ಡ ಮಳೆ ಬಂದು ಹಳ್ಳ ಹೊಸ ಮಣ್ಣು ತಂದಾಗಲೇ ಅವರಿಗೆ ಕೆಲಸ. 1874ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದೇ ಸಾಲಿನ ಡಂಬಳ ಗುಡ್ಡಗಳ ಚಿನ್ನದ ಬಂಡೆಗಳ ಬಗ್ಗೆ ಬರೆದರು. ಡಂಬಳ, ಡೋಣಿ ಭಾಗದ ಹಳ್ಳಗಳು ತುಂಗಭದ್ರೆಯ ಕಡೆ ಇಳಿಯುತ್ತವೆ, ಮಲಪ್ರಭೆಗಲ್ಲ. ಕಪ್ಪತಗುಡ್ಡ ಈಗ ವನ್ಯಜೀವಿಧಾಮ. ಅಲ್ಲಿಗೆ ಬುಟ್ಟಿ ಸನಿಕೆ ಹೊತ್ತು ಹೋಗುವಂತಿಲ್ಲ.

ಇನ್ನು ಕಾನೂನು. ಆಸ್ಟ್ರೇಲಿಯದ ವಿಕ್ಟೋರಿಯದಂಥ ಕಡೆ ಹವ್ಯಾಸಿಗಳಿಗೆಂದೇ ಒಂದು ಪರವಾನಗಿ ಕೊಡುತ್ತಾರೆ. ನೀವು ನೋಡಿದ ವಿಡಿಯೋಗಳು ಅಂಥ ದೇಶಗಳವು. ನಮ್ಮಲ್ಲಿ 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಖನಿಜ ಶೋಧಿಸುವುದೂ ತಪ್ಪು, ತೆಗೆಯುವುದೂ ತಪ್ಪು. ಹವ್ಯಾಸಕ್ಕೆಂದು ಬೇರೆ ಬಾಗಿಲು ಅದರಲ್ಲಿಲ್ಲ. ಆದ್ದರಿಂದ ಗೆಳೆಯರನ್ನು ಕಟ್ಟಿಕೊಂಡು ಹೊಳೆಗೆ ಚಿನ್ನ ತೆಗೆಯಲು ಹೋಗಬೇಡಿ.

ಆದರೆ ಆ ವಿದ್ಯೆಯನ್ನು ಮನೆಯ ಹಿತ್ತಿಲಲ್ಲೇ ಕಲಿಯಬಹುದು, ಕಲಿಯಲೇಬೇಕು ಎನ್ನುತ್ತೇನೆ. ಮನೆ ಕಟ್ಟಲು ತರಿಸಿದ ಹೊಳೆಯ ಮರಳು ಅರ್ಧ ಬಕೆಟ್ ಸಾಕು. ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡನ್ನು ತಟ್ಟಿ ಚಪ್ಪಟೆ ಮಾಡಿ, ಎಳ್ಳಿನ ಗಾತ್ರದ ಹತ್ತು ಚೂರು ಕತ್ತರಿಸಿ ಮರಳಿನಲ್ಲಿ ಬೆರೆಸಿ. ಸೀಸ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯುವುದು ಕಡ್ಡಾಯ. ಅಂಚು ಓರೆಯಾಗಿರುವ ಅಗಲ ಬಾಯಿಯ ಹಳೆಯ ಪರಾತ ತೆಗೆದುಕೊಳ್ಳಿ. ಅದನ್ನು ಮತ್ತೆ ಅಡುಗೆಗೆ ಒಯ್ಯಬೇಡಿ. ಮರಳನ್ನು ಜರಡಿ ಹಿಡಿದು, ಸಣ್ಣದನ್ನು ಪರಾತದಲ್ಲಿ ಮುಕ್ಕಾಲು ತುಂಬಿ, ನೀರಿನ ಟಬ್ಬಿನಲ್ಲಿ ಮುಳುಗಿಸಿ. ಮಣ್ಣಿನ ಹೆಂಟೆಗಳನ್ನು ಬೆರಳಿನಿಂದ ಕಿವುಚಿ ಕೆಸರು ನೀರು ಚೆಲ್ಲಿ. ಆಮೇಲೆ ಪರಾತವನ್ನು ಮಟ್ಟವಾಗಿ ಹಿಡಿದು ಎಡಕ್ಕೂ ಬಲಕ್ಕೂ ಬಿರುಸಾಗಿ ಅಲುಗಿಸಿ. ಹೊಸಬರು ಬೇಗ ಚೆಲ್ಲುವುದಕ್ಕೆ ಆತುರಪಡುತ್ತಾರೆ. ನಿಜವಾದ ಕೆಲಸ ನಡೆಯುವುದು ಈ ಅಲುಗಾಟದಲ್ಲಿ. ಭಾರದ ಕಣಗಳು ಹಗುರದವುಗಳ ನಡುವೆ ಜಾರಿ ತಳ ಸೇರುವುದು ಆಗಲೇ. ನಂತರ ಪರಾತವನ್ನು ಮುಂದಕ್ಕೆ ಓರೆ ಮಾಡಿ, ನೀರಿನಲ್ಲಿ ಅದ್ದಿ ಎತ್ತಿ, ಮೇಲಿನ ಪದರವಷ್ಟೇ ಹೋಗುವಂತೆ ಮಾಡಿ. ಮತ್ತೆ ಅಲುಗಿಸಿ, ಮತ್ತೆ ಅದ್ದಿ.

ಕೊನೆಗೆ ಎರಡು ಚಮಚೆಯಷ್ಟು ಕಪ್ಪು ಮರಳು ಉಳಿಯುತ್ತದೆ. ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಅಯಸ್ಕಾಂತವನ್ನು ಮೇಲೆ ಆಡಿಸಿ. ನೆಗೆದು ಅಂಟಿಕೊಳ್ಳುವುದು ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರು. ಅಂಟದೆ ಉಳಿದದ್ದನ್ನು ಬಿಳಿ ಕಾಗದದ ಮೇಲೆ ಹರಡಿ ಮಸೂರದಲ್ಲಿ ನೋಡಿ: ಕೆಂಪು ಗಾರ್ನೆಟ್ ಇದ್ದೀತು, ಕಪ್ಪು ಇಲ್ಮನೈಟ್ ಇದ್ದೀತು. ಆ ಎರಡು ಚಮಚೆ ಮರಳಿನಲ್ಲಿ ಹೊಳೆ ದಾಟಿ ಬಂದ ಬಂಡೆಗಳೆಲ್ಲ ಇರುತ್ತವೆ. ನನಗೆ ಇಂದಿಗೂ ಅದನ್ನು ನೋಡುವುದೆಂದರೆ ಹಬ್ಬ. ನೀರಿನ ಸಾಂದ್ರತೆ 1 ಎಂದಿಟ್ಟುಕೊಂಡರೆ ಬೆಣಚುಕಲ್ಲಿನದು 2.65, ಮ್ಯಾಗ್ನೆಟೈಟ್‌ನದು 5.2, ಸೀಸದ್ದು 11.3, ಚಿನ್ನದ್ದು 19.3. ಹತ್ತು ಸೀಸದ ಚೂರೂ ಉಳಿದರೆ ನಿಮ್ಮ ಕೈ ಪಳಗಿತು. ಸೀಸವನ್ನು ಬಿಡದ ಕೈ ಅದೇ ಗಾತ್ರದ ಚಿನ್ನವನ್ನು ಬಿಡುವುದಿಲ್ಲ. ಯಾರಾದರೂ ಪಾದರಸ ಬೆರೆಸಿ ಎಂದರೆ ಕೇಳಲೇಬೇಡಿ. ಅದರ ಆವಿ ನರಗಳನ್ನೇ ಹಾಳು ಮಾಡುತ್ತದೆ.

ಹೊಲದಲ್ಲಿ ಬೋರ್‌ವೆಲ್ ಕೊರೆಸಿದಾಗ ಬಂದ ಪುಡಿಯಲ್ಲಿ ಹಳದಿ ಹೊಳಪಿನ ಚೂರುಗಳಿವೆ. ಊರಿನವರು ಚಿನ್ನ ಎನ್ನುತ್ತಿದ್ದಾರೆ. — ರೈತ, ಬೀಳಗಿ ತಾಲ್ಲೂಕು

ಒಂದು ಚೂರನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಹೊಡೆಯಿರಿ. ಪುಡಿಯಾದರೆ ಅದು ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕ. ಚಿನ್ನ ಪುಡಿಯಾಗದು, ಹಾಳೆಯಂತೆ ಹರಡುತ್ತದೆ. ಮೆರುಗಿಲ್ಲದ ಹೆಂಚಿನ ಬೆನ್ನಿಗೆ ತಿಕ್ಕಿದರೆ ಪೈರೈಟ್ ಹಸಿರುಗಪ್ಪು ಗೆರೆ ಬಿಡುತ್ತದೆ, ಚಿನ್ನ ಹಳದಿ ಗೆರೆಯನ್ನೇ. ತೆಳ್ಳಗಿನ ಪೊರೆಯಾಗಿ ಉಗುರಿಗೆ ಎದ್ದು ಬಂದರೆ, ನೀರಿಗೆ ಹಾಕಿದಾಗ ತಳಕ್ಕಿಳಿಯದೆ ಓಲಾಡಿದರೆ ಅದು ಅಭ್ರಕ. ಬಿಸಿಲಿನಲ್ಲಿ ಮಿಂಚಿ ನೆರಳಿನಲ್ಲಿ ಮಂಕಾಗುವುದೂ ಅಭ್ರಕದ ಗುಣ. ಚಿನ್ನ ನೆರಳಿನಲ್ಲೂ ಹಳದಿಯೇ. ನಿಮ್ಮ ವರ್ಣನೆ ಓದಿದರೆ ಈ ಎರಡರಲ್ಲೊಂದು ಎಂದೇ ತೋರುತ್ತದೆ. ಬೋರಿಗೆ ನೀರು ಬಂದಿದೆ ಎಂದು ಬರೆದಿದ್ದೀರಿ. ಬೀಳಗಿಯಲ್ಲಿ ಅದಕ್ಕಿಂತ ದೊಡ್ಡ ಸುದ್ದಿ ಬೇಕಿಲ್ಲ.

ಶಹಾಪುರದ ಆಭರಣದಂಗಡಿಗಳ ಕಸವನ್ನು ದುಡ್ಡು ಕೊಟ್ಟು ಒಯ್ಯುವವರಿದ್ದಾರೆ. ಅದರಿಂದ ಅವರಿಗೆ ಏನು ಸಿಗುತ್ತದೆ? — ಓದುಗರು, ಬೆಳಗಾವಿ

ಅರದಿಂದ ಉದುರಿದ, ಉಜ್ಜುವಾಗ ಹಾರಿದ ಚಿನ್ನ. ಹೊಳೆಯ ವಿದ್ಯೆಯೇ ಅಂಗಡಿಯ ಕಸಕ್ಕೂ ಸಲ್ಲುತ್ತದೆ: ಸುಟ್ಟು, ಬೂದಿಯನ್ನು ತೊಳೆದು, ತಳದಲ್ಲಿ ಉಳಿದದ್ದನ್ನು ಕರಗಿಸುತ್ತಾರೆ. ಈ ಜನ ಮಾಡುವ ಕೆಲಸದಲ್ಲಿರುವ ತಾಳ್ಮೆಗೆ ನಾನು ತಲೆಬಾಗುತ್ತೇನೆ. ಆದರೆ ಅವರಲ್ಲಿ ಅನೇಕರು ಬರಿಗೈಯಲ್ಲಿ ಆಮ್ಲ ಮುಟ್ಟುತ್ತಾರೆ. ಅವರಿಗೆ ಕೈಗವಸು ಕೊಡಿಸುವುದು ಅಂಗಡಿಯವರ ಕರ್ತವ್ಯವಾಗಬೇಕು.

ಮೂವತ್ತು ಅಡಿ ಆಳದ ಚಿನ್ನವನ್ನೂ ತೋರಿಸುವ ಮೆಟಲ್ ಡಿಟೆಕ್ಟರ್ ಇದೆ ಎಂದು ಒಬ್ಬರು ಮಾರಲು ಬಂದಿದ್ದಾರೆ. ನಮ್ಮ ಹೊಲ ಹಳೆಯ ಕೋಟೆಗೋಡೆಯ ಹತ್ತಿರವಿದೆ. ಕೊಳ್ಳಬಹುದೇ? — ಓದುಗರು, ವಿಜಯಪುರ

ಬೇಡ. ಡಿಟೆಕ್ಟರ್‌ನ ತಟ್ಟೆಯೊಳಗೆ ತಂತಿಯ ಸುರುಳಿಗಳಿರುತ್ತವೆ. ಒಂದರಲ್ಲಿ ಏರಿಳಿಯುವ ವಿದ್ಯುತ್ ಹರಿಸಿದಾಗ ಕಾಂತಕ್ಷೇತ್ರ ಹುಟ್ಟುತ್ತದೆ. ಅದು ಮಣ್ಣಿನೊಳಗಿನ ಲೋಹಕ್ಕೆ ತಾಗಿ ಅಲ್ಲಿ ಸುಳಿವಿದ್ಯುತ್ ಎಬ್ಬಿಸುತ್ತದೆ, ಅದರ ಮರುದನಿಯನ್ನು ಇನ್ನೊಂದು ಸುರುಳಿ ಹಿಡಿಯುತ್ತದೆ. ಈ ಸಂಕೇತ ಆಳಕ್ಕೆ ಹೋದಂತೆ ಭರದಿಂದ ಕ್ಷೀಣಿಸುತ್ತದೆ. ಸಣ್ಣ ವಸ್ತುವಿನ ಆಳ ಎರಡು ಪಟ್ಟಾದರೆ ಮರಳಿ ಬರುವುದು ಹೆಚ್ಚುಕಡಿಮೆ 64ರಲ್ಲಿ ಒಂದು ಪಾಲು. ಒಳ್ಳೆಯ ಯಂತ್ರ ಒಂದು ನಾಣ್ಯವನ್ನು ಸುಮಾರು ಒಂದು ಗೇಣು ಆಳದಲ್ಲಿ ಗುರುತಿಸಿದರೆ ಅದೇ ದೊಡ್ಡದು. ಮೂವತ್ತು ಅಡಿ ಆಳದ ಉಂಗುರ ತೋರಿಸುತ್ತೇನೆ ಎನ್ನುವವನು ನಿಮ್ಮ ಜೇಬಿಗೆ ಕೈ ಹಾಕುತ್ತಿದ್ದಾನೆ.

ಸಾಲದ್ದಕ್ಕೆ ನಿಮ್ಮದು ಕಪ್ಪು ಶಿಲೆಯ ನೆಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ಬಸಾಲ್ಟ್ ಅದು, ಮೈತುಂಬ ಮ್ಯಾಗ್ನೆಟೈಟ್. ಎರೆಮಣ್ಣಿನಲ್ಲೂ ಅದರ ಪುಡಿ ಇರುತ್ತದೆ. ನೆಲಕ್ಕೆ ಹೊಂದಿಸುವ ಗುಂಡಿಯನ್ನು ಸರಿಯಾಗಿ ತಿರುಗಿಸದಿದ್ದರೆ ಯಂತ್ರ ಬರೀ ಕಲ್ಲಿಗೇ ಕಿರುಚುತ್ತದೆ. ಮಾರುವವನ ಎದುರಿನಲ್ಲೇ ಒಂದು ಪರೀಕ್ಷೆ ಮಾಡಿ: ನಿಮ್ಮ ಹೊಲದಲ್ಲಿ ಒಂದು ತೆಳು ಉಂಗುರ, ಮಾತ್ರೆಯ ಪಟ್ಟಿಯ ಅಲ್ಯೂಮಿನಿಯಂ ಹಾಳೆಯ ಒಂದು ಚೂರು ಹೂತು, ಯಾವುದು ಎಲ್ಲಿದೆ ಎಂದು ಹೇಳಲಿ. ಎರಡರ ಸದ್ದೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅವನಿಗೆ ಹೇಳಲಾಗದು. ಕಳೆ ಕೀಳುವಾಗ ಬಿದ್ದುಹೋದ ಕಿವಿಯೋಲೆ ಹುಡುಕಲು ಸಾಧಾರಣ ಯಂತ್ರ ಬಾಡಿಗೆಗೆ ಸಿಕ್ಕರೆ ತನ್ನಿ, ತಪ್ಪಿಲ್ಲ.

ಕೋಟೆಗೋಡೆಯ ವಿಷಯ ಬೇರೆ. ಅದು ಸಂರಕ್ಷಿತ ಸ್ಮಾರಕವಾಗಿದ್ದರೆ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ನಿಮ್ಮದೇ ಹೊಲವಾದರೂ ಪುರಾತತ್ತ್ವ ಇಲಾಖೆಯನ್ನು ಕೇಳದೆ ಅಲ್ಲಿ ನಿಧಿಗೆಂದು ಗುಂಡಿ ತೋಡಬೇಡಿ.

ಪಕ್ಕದವರು ಪಾಯ ಅಗೆಯುವಾಗ ಒಂದು ಮಡಕೆ ಸಿಕ್ಕಿತು. ಒಳಗೆ ನಾಣ್ಯಗಳೂ ಬಾಗಿದ ತಂತಿಗಳೂ ಇದ್ದವಂತೆ. ಹೊರಗೆ ಹೇಳಿದರೆ ಮನೆಯ ಕೆಲಸ ನಿಲ್ಲಿಸುತ್ತಾರೆಂದು ಅಂಜಿದ್ದಾರೆ. ಏನು ಹೇಳಲಿ? — ಗೃಹಿಣಿ, ಹುನಗುಂದ ತಾಲ್ಲೂಕು

ಅಕ್ಕಾ, ಮೊದಲು ಆ ತಂತಿಗಳನ್ನು ಎಸೆಯದಂತೆ ಹೇಳಿ. ಆದಿಲ್‌ಶಾಹಿ ಕಾಲದಲ್ಲಿ ಲಾರಿನ್ ಎಂಬ ಬೆಳ್ಳಿ ನಾಣ್ಯವಿತ್ತು: ದಪ್ಪ ತಂತಿಯನ್ನು ನಡುವೆ ಮಡಚಿ, ಮೇಲೆ ಅಕ್ಷರದ ಅಚ್ಚು ಒತ್ತಿದ್ದು. ನೋಡಿದವರಿಗೆ ಮುರುಕು ಹೇರ್‌ಪಿನ್ನಿನಂತೆ ಕಾಣುತ್ತದೆ. ನಿಮ್ಮ ಪಕ್ಕದ ಮನೆಯಲ್ಲಿರುವುದು ಅದೇ ಎಂದು ನೋಡದೆ ಹೇಳಲಾರೆ, ಆದರೆ ತಿಪ್ಪೆಗೆ ಹೋಗಬಾರದು.

ಯಾವುದನ್ನೂ ಹುಣಸೆಹಣ್ಣಿನಿಂದ ತಿಕ್ಕಬೇಡಿ, ಅಕ್ಕಸಾಲಿಗರ ಹತ್ತಿರ ಒಯ್ಯಬೇಡಿ. ಮಡಕೆಯ ಚೂರುಗಳನ್ನೂ ಒಳಗಿನ ಮಣ್ಣನ್ನೂ ಹಾಗೆಯೇ ಇಡಿ. ಕೆಲಸ ನಿಲ್ಲಿಸಿ, ಸಿಕ್ಕ ಜಾಗದ, ಆಳದ ಫೋಟೋ ತೆಗೆಯಿರಿ. ಒಂದು ನಾಣ್ಯ ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಸಿಕ್ಕಿತು ಎಂಬುದು ಗೊತ್ತಿದ್ದರೆ ಅದು ಚರಿತ್ರೆ. ಗೊತ್ತಿಲ್ಲದಿದ್ದರೆ ಬರೀ ತೂಕ.

ನೆಲದಲ್ಲಿ ಸಿಕ್ಕ ನಿಧಿಯ ಬಗ್ಗೆ 1878ರಿಂದಲೇ ಕಾಯ್ದೆ ಇದೆ, ಕರ್ನಾಟಕಕ್ಕೆ 1962ರದ್ದು ಪ್ರತ್ಯೇಕ. ಏನು ಸಿಕ್ಕಿತು, ಎಲ್ಲಿ, ಯಾವ ದಿನ ಎಂದು ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಮುಚ್ಚಿಟ್ಟರೆ ಶಿಕ್ಷೆಯಿದೆ, ಹಕ್ಕೂ ಹೋಗುತ್ತದೆ. ತಿಳಿಸಿದವರು ಕಳ್ಳರಾಗುವುದಿಲ್ಲ, ಅವರ ಹಕ್ಕನ್ನು ಕಾಯ್ದೆಯೇ ವಿಚಾರಿಸುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ಜಿಲ್ಲೆಗಳ ಹಾಳುಗುಡಿಗಳಲ್ಲಿ ನಿಧಿಗಳ್ಳರು ಬೆನ್ನು ಸೀಳಿದ ನಂದಿಗಳನ್ನು, ಕಿತ್ತೆಸೆದ ಲಿಂಗಗಳನ್ನು, ಬುಡಮೇಲಾದ ವೀರಗಲ್ಲುಗಳನ್ನು ನಾನು ಕಂಡಿದ್ದೇನೆ. ವೀರಗಲ್ಲಿನ ಕೆಳಗೆ ಚಿನ್ನ ಇಡುವ ಪದ್ಧತಿ ಇರಲಿಲ್ಲ. ಊರಿನ ದನ ಕಾಯಲು ಹೋಗಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲನ್ನು ಉರುಳಿಸಿದವರಿಗೆ ಸಿಕ್ಕಿದ್ದು ಮಣ್ಣು, ಊರಿಗಾದದ್ದು ಎಂದೂ ತುಂಬದ ನಷ್ಟ. ಮಡಕೆ ಸಿಕ್ಕ ಸುದ್ದಿ ಗುಟ್ಟಾಗಿ ಹರಡಿದರೆ ಅಂಥವರು ನಿಮ್ಮ ಓಣಿಗೂ ರಾತ್ರಿ ಬರುತ್ತಾರೆ. ಪಕ್ಕದವರು ನಾಳೆಯೇ ತಹಶೀಲ್ದಾರರ ಕಚೇರಿಗೆ ಹೋಗಿ ಅಲ್ಲಿಂದ ಜಿಲ್ಲಾಧಿಕಾರಿಗೆ ಅರ್ಜಿ ಕಳುಹಿಸಿ, ಸ್ವೀಕೃತಿ ಪಡೆದುಕೊಳ್ಳಲಿ. ಬರೆಯಲು ಅಂಜಿಕೆಯಾದರೆ ಶಾಲೆಯ ಮೇಷ್ಟ್ರನ್ನು ಜೊತೆಗೆ ಕರೆದುಕೊಂಡು ಹೋಗಲಿ.